ಅನುದಾನ ಹೆದ್ದಾರಿ ಬಿಟ್ಟು ಊರೊಳಗೆ ಇಳಿಯಲಿ

ಮಾನ್ಯ ಸಂಪಾದಕರೇ,

ಮಾರ್ಚ್ ಹತ್ತಿರವಾಯಿತೆಂದರೆ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದೇ ಬಗೆಯ ಚಿತ್ರಗಳು ಸಾಲುಗಟ್ಟುತ್ತವೆ. ಶಾಲೆಗೆ ಕಂಪ್ಯೂಟರ್ ಹಸ್ತಾಂತರ, ಮಕ್ಕಳಿಗೆ ಬ್ಯಾಗ್ ವಿತರಣೆ, ಕಾಲೇಜಿಗೆ ಶುದ್ಧ ನೀರಿನ ಘಟಕ. ಕಂಪನಿಗಳು, ಖಾಸಗಿ ದಾನಿಗಳು ಕೊಟ್ಟದ್ದನ್ನು ಹಳಿಯಲು ಈ ಪತ್ರ ಬರೆಯುತ್ತಿಲ್ಲ. ಆ ಶಾಲೆ, ಕಾಲೇಜುಗಳು ಎಲ್ಲಿವೆ ಎಂದಷ್ಟೇ ಓದುಗರು ಗಮನಿಸಬೇಕು. ಹೆಚ್ಚಿನವು ಹಿರಿಯೂರಿನಿಂದ ಹರಿಹರದವರೆಗೆ ರಾಷ್ಟ್ರೀಯ ಹೆದ್ದಾರಿ 48ರ ಎಡಬಲದಲ್ಲೇ ಇರುತ್ತವೆ. ಬೆಂಗಳೂರಿನಿಂದ ಬೆಳಿಗ್ಗೆ ಹೊರಟವರು ಕಾರ್ಯಕ್ರಮ ಮುಗಿಸಿ ರಾತ್ರಿ ಊಟಕ್ಕೆ ಮನೆ ಸೇರಬಹುದಾದ ಜಾಗಗಳು ಅವು. ಮೊಳಕಾಲ್ಮುರಿನ ಹಟ್ಟಿ, ಜಗಳೂರಿನ ಗಡಿ ಊರು, ನ್ಯಾಮತಿಯ ತಾಂಡಾ ಆ ಚಿತ್ರಗಳಲ್ಲಿ ಕಾಣುವುದು ಅಪರೂಪ.

ಕೊಡುವವರ ಮನಸ್ಸಿನ ಮೇಲೆ ನಮಗೆ ದೂರಿಲ್ಲ. ಅರ್ಜಿ ಕರೆಯುವ ರೀತಿ, ಬಜೆಟ್‌ಗೆ ಹಾಕುವ ಮಿತಿ, ಕಂತು ಬಿಡುವ ಕ್ರಮ, ಆಯ್ಕೆಗೆ ಕೂರುವ ಜನ: ಹಣ ಎಲ್ಲಿಗೆ ಹೋಗಬೇಕೆಂದು ಇವು ಮೊದಲೇ ತೀರ್ಮಾನಿಸಿಬಿಟ್ಟಿರುತ್ತವೆ. ಸಣ್ಣ ಸಂಸ್ಥೆಗಳ ಅರ್ಜಿ, ಲೆಕ್ಕಪತ್ರಗಳನ್ನು ದಿನವೂ ನೋಡುವವರಾಗಿ, ಎಲ್ಲೆಲ್ಲಿ ಹಣ ದಾರಿ ತಪ್ಪುತ್ತದೆ, ಏನು ಮಾಡಿದರೆ ಸರಿಹೋಗುತ್ತದೆ ಎಂಬುದನ್ನು ವಿವರವಾಗಿ ಹೇಳುವುದು ನಮ್ಮ ಉದ್ದೇಶ.

2011ರ ಜನಗಣತಿಯಂತೆ ಚಿತ್ರದುರ್ಗ ಜಿಲ್ಲೆಯಲ್ಲಿ ಪರಿಶಿಷ್ಟ ಜಾತಿ, ಪಂಗಡದವರು ಸೇರಿ ಶೇ 40ಕ್ಕೂ ಹೆಚ್ಚು. ಆಗ ಹರಪನಹಳ್ಳಿಯೂ ಸೇರಿದ್ದ ದಾವಣಗೆರೆಯಲ್ಲಿ ಶೇ 30ಕ್ಕೂ ಹೆಚ್ಚು. ರಾಜ್ಯದ ಸರಾಸರಿ ಶೇ 24.1. ಜನಸಂಖ್ಯೆಗೆ ತಕ್ಕ ಪಾಲು ಎತ್ತಿಡಬೇಕೆಂದು ಸರ್ಕಾರದ ಬಜೆಟ್‌ಗೆ 2013ರ ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆಯ ಕಟ್ಟಳೆಯಿದೆ. ಖಾಸಗಿ ಅನುದಾನಕ್ಕೆ ಅಂಥ ಅಳತೆಗೋಲಿಲ್ಲ. ಕಂಪನಿಗಳು ನೋಡುವುದು ಹೆಚ್ಚೆಂದರೆ, ಹಿಂದುಳಿದ ಜಿಲ್ಲೆಗಳನ್ನು ಗುರುತಿಸಿ ಕೇಂದ್ರ ಸರ್ಕಾರ ಮಾಡಿದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯನ್ನು. ಅದರಲ್ಲಿ ಕರ್ನಾಟಕದಿಂದ ಇರುವುದು ರಾಯಚೂರು, ಯಾದಗಿರಿ ಮಾತ್ರ. ದಾವಣಗೆರೆ ನಗರದ ಆಸ್ಪತ್ರೆ, ಕಾಲೇಜು, ಮಾರುಕಟ್ಟೆಗಳೆಲ್ಲ ಸೇರಿ ಬರುವ ಜಿಲ್ಲಾ ಸರಾಸರಿಯಲ್ಲಿ ಜಗಳೂರು ಮುಚ್ಚಿಹೋಗುತ್ತದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ತಾಲ್ಲೂಕುವಾರು ಅಳೆದು, 175ರಲ್ಲಿ 114 ತಾಲ್ಲೂಕು ಹಿಂದುಳಿದಿವೆ ಎಂದು ತೋರಿಸಿತ್ತು. ಆ ಅಂಕಿಗಳಿಗೆ ವಯಸ್ಸಾಗಿರಬಹುದು. ಜಿಲ್ಲೆ ಬಿಟ್ಟು ತಾಲ್ಲೂಕಿನ ಮಟ್ಟದಲ್ಲಿ ಅಳೆಯುವ ಪದ್ಧತಿ ಮಾತ್ರ ಇಂದಿಗೂ ಸರಿ.

ಮೊದಲ ಅಡ್ಡಿ ಅರ್ಜಿಯಲ್ಲೇ ಇದೆ. ಇಂಗ್ಲಿಷ್ ಪೋರ್ಟಲ್, ಹತ್ತು ದಿನದ ಗಡುವು, ಮೂರು ವರ್ಷದ ಆಡಿಟ್ ವರದಿ, ವರ್ಷಕ್ಕೆ ಇಷ್ಟು ಲಕ್ಷ ವಹಿವಾಟು ಇರಲೇಬೇಕೆಂಬ ಷರತ್ತು. ಎರಡು ಲಕ್ಷ ಕೇಳುವವರಿಗೂ ಐವತ್ತು ಲಕ್ಷ ಕೇಳುವವರಿಗೂ ಒಂದೇ ನಮೂನೆ. ಇದನ್ನು ತುಂಬಬಲ್ಲವರು ಅರ್ಜಿ ಬರೆಯಲೆಂದೇ ಸಿಬ್ಬಂದಿ ಇಟ್ಟುಕೊಂಡವರು. ಇದಕ್ಕೆ ಪರಿಹಾರ ಕಷ್ಟವೇನಲ್ಲ. ಮೊದಲ ಸುತ್ತಿನಲ್ಲಿ ಕನ್ನಡದಲ್ಲಿ ಎರಡು ಪುಟ ಕೇಳಿ. ಬರೆಯಲಾಗದವರು ಹತ್ತು ನಿಮಿಷ ಮಾತಾಡಿ ಧ್ವನಿಮುದ್ರಿಸಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಲಿ. ಆಯ್ಕೆಯ ಹತ್ತಿರ ಬಂದವರಿಂದ ಮಾತ್ರ ಪೂರ್ಣ ಪ್ರಸ್ತಾವ ಪಡೆಯಿರಿ, ಅದನ್ನು ಸಿದ್ಧಪಡಿಸಲು ಐದೋ ಹತ್ತೋ ಸಾವಿರ ಕೊಡಿ. ದಾಖಲೆಗಳನ್ನು ಮೊತ್ತಕ್ಕೆ ತಕ್ಕಂತೆ ಕೇಳಿ. ಎರಡು ಲಕ್ಷದವರೆಗೆ ಸಂಘದ ಠರಾವು, ಬ್ಯಾಂಕ್ ಪಾಸ್‌ಬುಕ್ ಸಾಕು. ಹತ್ತು ಲಕ್ಷದವರೆಗೆ ಒಂದು ವರ್ಷದ ಆಡಿಟ್. ಮೂರು ವರ್ಷದ್ದು ಅದಕ್ಕಿಂತ ದೊಡ್ಡ ಮೊತ್ತಕ್ಕೆ ಇರಲಿ. ತಿರಸ್ಕರಿಸಿದರೆ ಹದಿನೈದು ದಿನದೊಳಗೆ ಕಾರಣವನ್ನು ಕನ್ನಡದಲ್ಲಿ ತಿಳಿಸಿ. ಕಾರಣ ತಿಳಿಯದವರು ಮುಂದಿನ ವರ್ಷವೂ ಅದೇ ಅರ್ಜಿಯನ್ನೇ ಹಾಕುತ್ತಾರೆ.

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣಕ್ಕೆ ಕಾನೂನಿನ ಅಡ್ಡಿಯೂ ಇದೆ. 2021ರ ಏಪ್ರಿಲ್‌ನಿಂದ, ಹಣ ಪಡೆದು ಕೆಲಸ ಮಾಡುವ ಸಂಸ್ಥೆ ಸಿಎಸ್‌ಆರ್–1 ನಮೂನೆಯಲ್ಲಿ ನೋಂದಣಿ ಆಗಿರಬೇಕು. ಅದಕ್ಕೆ ಆದಾಯ ತೆರಿಗೆ ಇಲಾಖೆಯಿಂದ 12ಎ (ಸಂಸ್ಥೆಗೆ ತೆರಿಗೆ ವಿನಾಯಿತಿ), 80ಜಿ (ದಾನಿಗೆ ತೆರಿಗೆ ರಿಯಾಯಿತಿ) ಎಂದು ಕರೆಯುವ ಮಾನ್ಯತೆ ಬೇಕು. ಕಂಪನಿಯಾಗಲಿ ಸರ್ಕಾರವಾಗಲಿ ಹುಟ್ಟುಹಾಕದ ಸಂಸ್ಥೆಗೆ ಕನಿಷ್ಠ ಮೂರು ವರ್ಷ ಕೆಲಸ ಮಾಡಿದ ದಾಖಲೆಯೂ ಬೇಕು. ಹಟ್ಟಿಯ ಏಳು ಯುವಕ ಯುವತಿಯರು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಇವತ್ತು ಸಂಘ ಕಟ್ಟಿದರೂ ಕನಿಷ್ಠ ಮೂರು ವರ್ಷ ಆ ಹಣದ ಹತ್ತಿರ ಸುಳಿಯುವಂತಿಲ್ಲ. ಅಷ್ಟರಲ್ಲಿ ಅವರಲ್ಲಿ ಗಟ್ಟಿಗರಾದವರು ದೊಡ್ಡ ಸಂಸ್ಥೆಯೊಂದರ ಕ್ಷೇತ್ರ ಕಾರ್ಯಕರ್ತರಾಗಿ ಸೇರಿಬಿಡುತ್ತಾರೆ, ಸಂಘ ಕಾಗದದಲ್ಲಿ ಉಳಿಯುತ್ತದೆ.

ಈ ಮೂರು ವರ್ಷ ದಾಟಿಸಲು ಆಶ್ರಯದಾತ ಸಂಸ್ಥೆಯ ಏರ್ಪಾಡು ನಡೆಯುತ್ತದೆ. ನೋಂದಣಿ ಪೂರ್ಣವಾಗಿರುವ ಸಂಸ್ಥೆ ಹಣ ಪಡೆಯುತ್ತದೆ, ಹೊಸ ಗುಂಪಿನವರನ್ನು ತನ್ನ ಯೋಜನೆಯ ಸಿಬ್ಬಂದಿಯಾಗಿ ತೆಗೆದುಕೊಂಡು, ಅವರ ಖರ್ಚಿಗೆ ಪ್ರತ್ಯೇಕ ಲೆಡ್ಜರ್ ಇಡುತ್ತದೆ. ಎಡವಟ್ಟಾಗುವುದು ಒಪ್ಪಂದದಲ್ಲಿ. ಆಶ್ರಯ ಶುಲ್ಕ ಎಷ್ಟು (ಶೇ 5ರಿಂದ 8 ನ್ಯಾಯ), ಖರ್ಚಿನ ತೀರ್ಮಾನ ಯಾರದು, ವರದಿಯಲ್ಲಿ ಯಾರ ಹೆಸರು, ಗುಂಪಿಗೆ ಯಾವ ತಿಂಗಳಿಗೆ ಬಿಡುಗಡೆ ಎಂದು ಬರೆದಿರದಿದ್ದರೆ ಗುಂಪು ಕೊನೆಗೂ ಕೂಲಿಯಾಳಾಗಿಯೇ ಉಳಿಯುತ್ತದೆ. ಇನ್ನೊಂದು ಎಚ್ಚರ: ವಿದೇಶಿ ದೇಣಿಗೆಯನ್ನು ಹೀಗೆ ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) 2020ರ ತಿದ್ದುಪಡಿ ಅದನ್ನು ಪೂರ್ತಿ ನಿಲ್ಲಿಸಿದೆ. ದೇಶದೊಳಗಿನ ಹಣದಲ್ಲೂ ಒಂದು ಟ್ರಸ್ಟ್ ಇನ್ನೊಂದಕ್ಕೆ ದೇಣಿಗೆ ಕೊಟ್ಟರೆ, ಆದಾಯ ತೆರಿಗೆಯ ಲೆಕ್ಕದಲ್ಲಿ ಅದರ ಶೇ 85ನ್ನು ಮಾತ್ರ ಖರ್ಚೆಂದು ಒಪ್ಪುತ್ತಾರೆ. ಹಾಗಾಗಿ ದೇಣಿಗೆ ದಾಟಿಸುವುದಕ್ಕಿಂತ ಸಂಬಳ, ಸಾಮಗ್ರಿಯ ರೂಪದಲ್ಲಿ ತನ್ನ ಪುಸ್ತಕದಲ್ಲೇ ಖರ್ಚು ಹಾಕುವುದು ಲೇಸು.

ನಮ್ಮ ಅನುಭವದಲ್ಲಿ ಅತಿ ದೊಡ್ಡ ಅನ್ಯಾಯ ನಡೆಯುವುದು ‘ಆಡಳಿತ ವೆಚ್ಚ ಶೇ 5 ಮೀರಬಾರದು’ ಎಂಬ ಒಂದು ಸಾಲಿನಲ್ಲಿ. ಲೆಕ್ಕ ಹಾಕಿಯೇ ನೋಡೋಣ. ಜಗಳೂರು ತಾಲ್ಲೂಕಿನ ಹತ್ತು ಊರುಗಳಲ್ಲಿ ಸಂಜೆ ಕಲಿಕಾ ಕೇಂದ್ರ ನಡೆಸಬೇಕು ಎನ್ನಿ. ಹತ್ತು ಶಿಕ್ಷಕಿಯರಿಗೆ ತಿಂಗಳಿಗೆ 5,000ದಂತೆ ವರ್ಷಕ್ಕೆ 6 ಲಕ್ಷ. ಇಬ್ಬರು ಸಂಯೋಜಕಿಯರಿಗೆ 15,000ದಂತೆ 3.60 ಲಕ್ಷ. ಅವರ ಓಡಾಟಕ್ಕೆ 60,000, ಪುಸ್ತಕ ಸಾಮಗ್ರಿಗೆ 80,000, ತರಬೇತಿಗೆ 40,000. ಒಟ್ಟು 11.40 ಲಕ್ಷ. ಇದರ ಜೊತೆಗೆ ಅರೆಕಾಲಿಕ ಲೆಕ್ಕಿಗರಿಗೆ 72,000, ಕಚೇರಿ ಬಾಡಿಗೆ 48,000, ಆಡಿಟ್ 25,000, ಕರೆಂಟು, ಫೋನು, ಇಂಟರ್ನೆಟ್‌ಗೆ 24,000, ಮುದ್ರಣ ಇತ್ಯಾದಿಗೆ 11,000. ಇದು 1.80 ಲಕ್ಷ, ಅಂದರೆ ಹತ್ತಿರ ಹತ್ತಿರ ಶೇ 16. ದುಂದು ಎನ್ನುವಂಥದ್ದು ಇದರಲ್ಲಿ ಒಂದೂ ಇಲ್ಲ. ದಾನಿ ಶೇ 5 ಎಂದರೆ ಸಿಗುವುದು 57,000. ಉಳಿದ 1.23 ಲಕ್ಷ ಎಲ್ಲಿಂದ ಬರಬೇಕು? ಠೇವಣಿಯಿರುವ ಹಳೆಯ ಸಂಸ್ಥೆ ಬಡ್ಡಿಯಲ್ಲಿ ತುಂಬಿಸುತ್ತದೆ. ಠೇವಣಿಯಿಲ್ಲದ ಸಂಘ ಸಂಯೋಜಕಿಯರ ಸಂಬಳಕ್ಕೆ ಕೈ ಹಾಕುತ್ತದೆ. ಇಬ್ಬರಿಂದಲೂ ತಿಂಗಳಿಗೆ ಐದು ಸಾವಿರದ ಮೇಲೆ ಕಡಿತವಾಗಿ, 15,000ಕ್ಕೆ ಸಹಿ ಹಾಕಿದವರ ಕೈಗೆ ಹತ್ತು ಸಾವಿರವೂ ಬರುವುದಿಲ್ಲ. ಅವರು ಆ ಊರಿನ, ಆ ಕೇರಿಯ ಹೆಣ್ಣುಮಕ್ಕಳೇ. ಯಾರ ಏಳಿಗೆಗೆಂದು ಹಣ ಬಂತೋ ಅವರ ಕೂಲಿಯಲ್ಲೇ ಆ ಐದು ಪರ್ಸೆಂಟು ಮಿತಿಯ ಬೆಲೆ ವಸೂಲಾಗುತ್ತದೆ.

ದಯವಿಟ್ಟು ಸಿಎಸ್‌ಆರ್ ಅಧಿಕಾರಿಗಳು ನಿಯಮವನ್ನು ಇನ್ನೊಮ್ಮೆ ಓದಬೇಕು. 2021ರ ಜನವರಿಯ ತಿದ್ದುಪಡಿಯಲ್ಲಿರುವ ಶೇ 5ರ ಮಿತಿ, ಕಂಪನಿಯು ತನ್ನ ಸಿಎಸ್‌ಆರ್ ಕೆಲಸದ ಸಾಮಾನ್ಯ ಆಡಳಿತಕ್ಕೆ ಮಾಡುವ ಖರ್ಚಿಗೆ ಸಂಬಂಧಿಸಿದ್ದು. ಯೋಜನೆಯೊಂದರ ರೂಪರೇಷೆ, ಅನುಷ್ಠಾನ, ಮೇಲ್ವಿಚಾರಣೆ, ಮೌಲ್ಯಮಾಪನಕ್ಕೆ ನೇರವಾಗಿ ತಗಲುವ ಖರ್ಚು ಅದರಲ್ಲಿ ಸೇರದು ಎಂದು ವ್ಯಾಖ್ಯಾನದಲ್ಲೇ ಇದೆ. ಕಂಪನಿಯ ಮೇಲಿನ ಮಿತಿಯನ್ನು ಸಂಘದ ತಲೆಗೆ ಕಟ್ಟುವುದು ತಪ್ಪು ಓದು. ಸಂಘಗಳೂ ‘ಇತರೆ ಆಡಳಿತ ವೆಚ್ಚ’ ಎಂದು ಒಂದು ಇಡಿಗಂಟು ಬರೆಯುವ ಬದಲು, ಯೋಜನೆಯ ಲೆಕ್ಕಪತ್ರ, ಯೋಜನೆಯ ಆಡಿಟ್, ಕ್ಷೇತ್ರ ಕಚೇರಿ ಬಾಡಿಗೆ ಎಂದು ಬಿಡಿಬಿಡಿಯಾಗಿ ತೋರಿಸಬೇಕು. ಎರಡು ಯೋಜನೆಗೆ ಒಂದೇ ಕಚೇರಿಯಾದರೆ ಹಂಚಿದ ಸೂತ್ರವನ್ನೂ ಬರೆಯಿರಿ, ಒಂದೇ ಬಾಡಿಗೆಯನ್ನು ಇಬ್ಬರು ದಾನಿಗಳಿಗೂ ಪೂರ್ತಿ ತೋರಿಸಿದರೆ ಆಡಿಟ್‌ನಲ್ಲಿ ಸಿಕ್ಕಿಬೀಳುತ್ತೀರಿ. ಅಮೆರಿಕದ ಕೇಂದ್ರ ಸರ್ಕಾರವು 2024ರ ಅಕ್ಟೋಬರ್‌ನಿಂದ, ಪ್ರತ್ಯೇಕ ದರದ ಮಾತುಕತೆಯಿಲ್ಲದೆ ಶೇ 15ರವರೆಗೆ ಪರೋಕ್ಷ ವೆಚ್ಚ (ಕಚೇರಿ, ಲೆಕ್ಕಪತ್ರದಂಥ ಖರ್ಚು) ಪಡೆಯಲು ಅನುದಾನಿತ ಸಂಸ್ಥೆಗಳಿಗೆ ಬಿಟ್ಟಿದೆ. ಅಷ್ಟು ದೂರ ಯಾಕೆ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಕೆರೆ ಕಟ್ಟಿಸುವಾಗ ‘ಮಾಡಿದಷ್ಟು ನೀಡು ಭಿಕ್ಷೆ’ ಎಂದು ದುಡಿತಕ್ಕೆ ತಕ್ಕ ಕೂಲಿ ಕೊಡಿಸಿದರೆಂದು ಈ ಸೀಮೆಯ ಜನರೆಲ್ಲ ನಂಬಿರುವ ಮಾತಿದೆ. ಕೆಲಸ ಮಾಡಿಸಿದ ಮೇಲೆ ಅದರ ಪೂರ್ತಿ ಖರ್ಚು ಕೊಡುವುದು ನಮಗೆ ಹೊಸದಲ್ಲ.

ಕಂತಿನ ವಿಷಯವೂ ಹೀಗೆಯೇ. ಸಾಮಾನ್ಯವಾಗಿ 40, 40, 20ರ ಲೆಕ್ಕ. ಕೊನೆಯ ಕಂತು ಹಣ ಬಳಕೆ ಪ್ರಮಾಣಪತ್ರ ಸಲ್ಲಿಸಿದ ಮೇಲೆ. ಮೊದಲು ಖರ್ಚು ಮಾಡಿ ಆಮೇಲೆ ಪಡೆಯಿರಿ ಎಂದರ್ಥ. ಕೈಯಲ್ಲಿ ಕಾಸಿಲ್ಲದ ಸಂಘದ ಕಾರ್ಯದರ್ಶಿ ನೂರಕ್ಕೆ ಮೂರರ ಬಡ್ಡಿಗೆ ಕೈಸಾಲ ತರುತ್ತಾರೆ. ಎರಡು ಲಕ್ಷಕ್ಕೆ ಮೂರು ತಿಂಗಳಿಗೆ 18,000 ಬಡ್ಡಿ. ಈ ಬಡ್ಡಿಯನ್ನು ಯಾವ ದಾನಿಯೂ ಖರ್ಚೆಂದು ಒಪ್ಪುವುದಿಲ್ಲ. ಅದನ್ನು ಹೊಂದಿಸಲು ಯಾರೋ ಒಬ್ಬರು ಸುಳ್ಳು ರಸೀದಿಗೆ ಇಳಿಯುತ್ತಾರೆ, ಆಮೇಲೆ ‘ಸಣ್ಣ ಸಂಸ್ಥೆಗಳನ್ನು ನಂಬುವ ಹಾಗಿಲ್ಲ’ ಎಂಬ ಮಾತು ಹುಟ್ಟುತ್ತದೆ. ಐದು ಲಕ್ಷದೊಳಗಿನ ಅನುದಾನವನ್ನು ಒಂದೇ ಕಂತಿನಲ್ಲಿ ಮುಂಗಡ ಕೊಡಿ. ದೊಡ್ಡದಾದರೆ 60, 40 ಮಾಡಿ, ಎರಡನೆಯದು ಮೊದಲ ಕಂತಿನ ಶೇ 75 ಖರ್ಚಾದ ಕೂಡಲೇ ಬರಲಿ.

ಮಾರ್ಚ್‌ನ ಆತುರಕ್ಕೂ ಕಾರಣವಿಲ್ಲ. ಸಿಎಸ್‌ಆರ್ ನಿಯಮದಲ್ಲಿ ‘ಮುಂದುವರಿಯುವ ಯೋಜನೆ’ ಎಂಬ ಅವಕಾಶವಿದೆ. ಆರಂಭದ ವರ್ಷ ಬಿಟ್ಟು ಇನ್ನೂ ಮೂರು ಆರ್ಥಿಕ ವರ್ಷ ನಡೆಸಬಹುದು. ಅದಕ್ಕೆಂದು ಇಟ್ಟು ಉಳಿದ ಹಣವನ್ನು ವರ್ಷ ಮುಗಿದ 30 ದಿನದೊಳಗೆ ಪ್ರತ್ಯೇಕ ಖಾತೆಗೆ ಹಾಕಿದರಾಯಿತು. ಬ್ಯಾಗ್ ಹಂಚಲು ಒಂದು ಮಧ್ಯಾಹ್ನ ಸಾಕು, ಶಾಲೆ ಬಿಟ್ಟ ಹುಡುಗಿಯನ್ನು ಹತ್ತನೇ ತರಗತಿ ದಾಟಿಸಲು ಮೂರು ವರ್ಷ ಬೇಕು. ಕಾನೂನೇ ಕೊಟ್ಟ ಕಾಲಾವಕಾಶವನ್ನು ಬಳಸದೆ ವರ್ಷ ವರ್ಷ ಹೊಸದಾಗಿ ಅರ್ಜಿ ಹಾಕಿಸುವುದರಿಂದ ಏಪ್ರಿಲ್‌ನಿಂದ ಜುಲೈವರೆಗೆ ಸಂಬಳವಿಲ್ಲದೆ ಒಳ್ಳೆಯ ಕಾರ್ಯಕರ್ತೆಯರು ಕೆಲಸ ಬಿಡುತ್ತಾರೆ.

‘ತಲಾ ವೆಚ್ಚ ಕಡಿಮೆ ಇರಬೇಕು’ ಎಂಬ ಅಂಕವೂ ದೂರದ ಊರನ್ನು ಸೋಲಿಸುತ್ತದೆ. ಅದೇ ಕಲಿಕಾ ಕೇಂದ್ರದ ಶಿಕ್ಷಕಿಯ ವರ್ಷದ ಗೌರವಧನ 60,000. ದಾವಣಗೆರೆಯ ಆಜಾದ್ ನಗರದಲ್ಲಿ ನಲವತ್ತು ಮಕ್ಕಳು ಸೇರಿದರೆ ಮಗುವಿಗೆ 1,500. ಮೊಳಕಾಲ್ಮುರಿನ ಹಟ್ಟಿಯಲ್ಲಿ ಇರುವುದೇ ಹದಿನೈದು ಮಕ್ಕಳಾದರೆ 4,000. ಹಟ್ಟಿಯವರು ಅದಕ್ಷರೆಂದು ಈ ಅಂಕಿ ಹೇಳುತ್ತಿಲ್ಲ, ಊರು ಸಣ್ಣದು ಎಂದಷ್ಟೇ ಹೇಳುತ್ತಿದೆ. ಅಂಗವಿಕಲ ಮಕ್ಕಳ ಕೆಲಸದಲ್ಲಿ, ಜೊತೆಗೆ ಬರುವವರ ಬಸ್ ಚಾರ್ಜು, ಸಂಜ್ಞಾಭಾಷೆಯವರ ಗೌರವಧನ ಸೇರಿ ಖರ್ಚು ಇನ್ನೂ ಏರುತ್ತದೆ. ನಗರದ ಅರ್ಜಿಯನ್ನು ನಗರದ ಅರ್ಜಿಯೊಂದಿಗೆ, ಹಟ್ಟಿಯದನ್ನು ಹಟ್ಟಿಯದರೊಂದಿಗೆ ತೂಗಿ.

ಶೇ 25 ಸ್ವಂತ ವಂತಿಗೆ ತರಬೇಕೆಂಬ ಷರತ್ತನ್ನೂ ಸಡಿಲಿಸಬೇಕು, ಇಲ್ಲವೇ ಶ್ರಮವನ್ನು ವಂತಿಗೆಯಾಗಿ ಒಪ್ಪಬೇಕು. 2025–26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಆ ದರದಲ್ಲಿ ಇಪ್ಪತ್ತು ಜನ ಮೂವತ್ತು ದಿನ ದುಡಿದರೆ 2.22 ಲಕ್ಷವಾಗುತ್ತದೆ. ಹಾಜರಿ ಪುಸ್ತಕದಲ್ಲಿ ಸಹಿ ಇದ್ದರೆ ಪುರಾವೆಯೂ ಆಯಿತು.

ಇನ್ನು ಆಯ್ಕೆ ಸಮಿತಿ. ಫ್ರಿಡಾ ಎಂಬ ಯುವತಿಯರ ಅಂತರರಾಷ್ಟ್ರೀಯ ನಿಧಿಯಲ್ಲಿ ಅರ್ಜಿ ಹಾಕಿದ ಗುಂಪುಗಳೇ ಪರಸ್ಪರ ಅರ್ಜಿ ಓದಿ ಮತ ಹಾಕುತ್ತವೆ. ನಮ್ಮ ಸ್ತ್ರೀಶಕ್ತಿ ಸಂಘಗಳಲ್ಲೂ ಈ ಸಲ ಸಾಲ ಯಾರಿಗೆ ಎಂದು ಹೆಂಗಸರು ತಾವೇ ಕೂತು ತೀರ್ಮಾನಿಸುತ್ತಾರೆ, ಯಾರ ಮನೆಯಲ್ಲಿ ಏನು ಕಷ್ಟ ಎಂದು ಅವರಿಗೆ ಯಾವ ಸಮೀಕ್ಷೆಗಿಂತಲೂ ಚೆನ್ನಾಗಿ ಗೊತ್ತು. ಅಂಥವರಿಗೆ ಸಮಿತಿಯಲ್ಲಿ ಜಾಗ ಕೊಡಿ. ಏಳು ಜನರಲ್ಲಿ ಕನಿಷ್ಠ ಮೂವರು ಕೆಲಸ ನಡೆಯುವ ಸಮುದಾಯದವರಿರಲಿ. ಒಬ್ಬರನ್ನೇ ಕೂರಿಸಿದರೆ ಅವರು ಮಾತಾಡುವುದಿಲ್ಲ, ಸಭೆಯ ಚಿತ್ರದಲ್ಲಿ ಇರುತ್ತಾರೆ ಅಷ್ಟೆ. ದಿನದ ಗೌರವಧನ, ಬಸ್ ಚಾರ್ಜು ಕೊಡಿ, ಕಾಗದಪತ್ರ ಕನ್ನಡದಲ್ಲಿ ಒಂದು ವಾರ ಮೊದಲೇ ಕೈ ಸೇರಲಿ. ಇಲ್ಲೂ ಕೆಡುವುದುಂಟು. ಊರಿನ ಬಲಾಢ್ಯ ಜಾತಿಯವರು ‘ಸ್ಥಳೀಯರು’ ಎಂಬ ಹೆಸರಲ್ಲಿ ತುಂಬಿಕೊಳ್ಳುತ್ತಾರೆ, ಪಂಚಾಯಿತಿ ಸದಸ್ಯರ ನೆಂಟರ ಸಂಘಕ್ಕೆ ಹಣ ಹೋಗುತ್ತದೆ. ತಮ್ಮ ಊರಿನ ಅರ್ಜಿ ಬಂದಾಗ ಸದಸ್ಯರು ಎದ್ದು ಹೊರಗೆ ಹೋಗಬೇಕು, ಎರಡು ವರ್ಷಕ್ಕೊಮ್ಮೆ ಸದಸ್ಯರು ಬದಲಾಗಬೇಕು, ಯಾರಿಗೆ ಎಷ್ಟು ಅಂಕ ಬಂತೆಂದು ಎಲ್ಲರಿಗೂ ತಿಳಿಸಬೇಕು.

ದಲಿತ, ಆದಿವಾಸಿ, ಅಲೆಮಾರಿ, ಮಹಿಳಾ ನೇತೃತ್ವದ ಸಂಸ್ಥೆಗೆ ಆದ್ಯತೆ ಎಂದು ಪ್ರಕಟಿಸಿದ ಕೂಡಲೇ ಲೆಟರ್‌ಹೆಡ್ ಬದಲಾಗುತ್ತದೆ. ಅಧ್ಯಕ್ಷೆಯ ಹೆಸರು ಒಂದು, ಚೆಕ್‌ಗೆ ಸಹಿ ಹಾಕುವವರು ಬೇರೆ. ಬ್ಯಾಂಕಿನಲ್ಲಿ ಸಹಿ ಅಧಿಕಾರ ಯಾರಿಗಿದೆ ನೋಡಿ. ಕಳೆದ ಆರು ಸಭೆಗಳ ನಡಾವಳಿ ಪುಸ್ತಕ ತೆರೆಸಿ. ಅಧ್ಯಕ್ಷೆಯೊಬ್ಬರನ್ನೇ ಕೂರಿಸಿಕೊಂಡು ಈ ವರ್ಷದ ಬಜೆಟ್ ಎಷ್ಟು, ಯಾರಿಗೆ ಸಂಬಳ ಎಷ್ಟು ಎಂದು ಕೇಳಿ. ಅರ್ಧ ಗಂಟೆಯಲ್ಲಿ ಸಂಗತಿ ತಿಳಿಯುತ್ತದೆ.

ವರದಿಯ ಹೊರೆಯನ್ನೂ ತೂಗಿ ನೋಡಬೇಕು. ಎರಡು ಲಕ್ಷದ ಅನುದಾನಕ್ಕೆ ಮೂರು ತಿಂಗಳಿಗೊಂದು ವರದಿ, ಪ್ರತಿಯೊಂದಕ್ಕೂ ಸಂಯೋಜಕಿಯ ಐದು ದಿನ ಎಂದರೆ ವರ್ಷಕ್ಕೆ ಇಪ್ಪತ್ತು ದಿನ. 15,000 ಸಂಬಳದಲ್ಲಿ ಅದರ ಬೆಲೆ 11,500ರ ಮೇಲೆ, ಅನುದಾನದ ಶೇ 6ರ ಹತ್ತಿರ. ಆರು ತಿಂಗಳಿಗೊಮ್ಮೆ ಒಂದು ಗಂಟೆ ಕನ್ನಡದಲ್ಲಿ ಫೋನಿನಲ್ಲಿ ಮಾತಾಡಿ, ಹಾಜರಿ ಪುಸ್ತಕದ ಫೋಟೊ ತರಿಸಿಕೊಂಡರೆ ಸಾಲದೇ?

ಹಣ ಎತ್ತುವ ಸಂಘಗಳಿಗೂ ಹೇಳುವುದಿದೆ. ನಾಯಕನಹಟ್ಟಿ ಜಾತ್ರೆಯಲ್ಲಿ ಮುಕ್ತಿ ಬಾವುಟ ಲಕ್ಷಾಂತರ ರೂಪಾಯಿಗೆ ಹರಾಜಾಗುವ ಸೀಮೆ ಇದು. ಎಪಿಎಂಸಿ ವರ್ತಕರಿಂದ ಹಿಡಿದು ಬಟ್ಟೆ ಅಂಗಡಿಯವರವರೆಗೆ ಕೇಳಿದರೆ ಕೊಡುವ ಜನರಿದ್ದಾರೆ. ತಿಂಗಳಿಗೆ ನೂರು ರೂಪಾಯಿ ಕೊಡುವ 300 ಜನ ಸಿಕ್ಕರೆ ವರ್ಷಕ್ಕೆ 3.60 ಲಕ್ಷ; ಮೇಲೆ ಹೇಳಿದ ಇಬ್ಬರು ಸಂಯೋಜಕಿಯರ ಸಂಬಳ ಪೂರ್ತಿ ಅದರಲ್ಲೇ ಆಗುತ್ತದೆ, ಯಾವ ದಾನಿಯ ಷರತ್ತೂ ಇಲ್ಲದೆ. ಆದರೆ ದಾಖಲೆ ಬಿಗಿಯಾಗಿರಲಿ. ದೇವಸ್ಥಾನ ನೋಡಿ ಸಂಘವೂ ಹುಂಡಿ ಇಡುವುದು, ಕ್ಯೂಆರ್ ಕೋಡ್ ಅಂಟಿಸಿ ಸುಮ್ಮನಾಗುವುದು ಅಪಾಯ. ಕೊಟ್ಟವರ ಹೆಸರು, ವಿಳಾಸ ಇಲ್ಲದ ದೇಣಿಗೆಯು ಒಂದು ಲಕ್ಷ ಅಥವಾ ಒಟ್ಟು ದೇಣಿಗೆಯ ಶೇ 5, ಇವೆರಡರಲ್ಲಿ ಹೆಚ್ಚಿನದನ್ನು ದಾಟಿದರೆ, ದಾಟಿದ ಭಾಗಕ್ಕೆ ಶೇ 30 ತೆರಿಗೆ ಬೀಳುತ್ತದೆ. ಕೇವಲ ಧಾರ್ಮಿಕವಾದ ಟ್ರಸ್ಟ್‌ಗಳಿಗೆ ಇರುವ ವಿನಾಯಿತಿ ಸಂಘಕ್ಕಿಲ್ಲ. ಎರಡು ಸಾವಿರ ಮೀರಿದ ನಗದಿಗೆ 80ಜಿ ರಿಯಾಯಿತಿ ಸಿಗದು, ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಅದು ಸಿಗುವುದೇ ಇಲ್ಲ. ಆದ್ದರಿಂದ ತೆರಿಗೆ ಉಳಿತಾಯವನ್ನು ಮುಂದಿಟ್ಟು ಹಣ ಕೇಳಬೇಡಿ, ಕೆಲಸವನ್ನು ತೋರಿಸಿ ಕೇಳಿ.

ತೋರಿಸುವಾಗ ಮಕ್ಕಳ ಅಳುವ ಮುಖ ಬೇಡ. ರಕ್ಷಣೆ, ಪೋಷಣೆ ಬೇಕಾದ ಮಗುವಿನ ಗುರುತು ಬಹಿರಂಗಪಡಿಸುವುದು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಸಜೆ, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ದೊಡ್ಡವರ ಚಿತ್ರಕ್ಕೂ ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಒಪ್ಪಿಗೆ ಪಡೆಯಿರಿ. ದೇವದಾಸಿ ಪದ್ಧತಿಯಿಂದ ಹೊರಬಂದ ತಾಯಿಯ ಫೋಟೊ ಕರಪತ್ರದಲ್ಲಿ ಬಂದರೆ, ಮಗಳ ಮದುವೆಯ ಮಾತು ನಡೆಯುವಾಗ ಅದು ಎದುರು ಬರುತ್ತದೆ. ಒಪ್ಪಿಗೆ ಹಿಂಪಡೆಯಲು ಯಾರಿಗೆ ಫೋನ್ ಮಾಡಬೇಕೆಂಬುದನ್ನೂ ಅವರಿಗೆ ತಿಳಿಸಿರಬೇಕು.

ಏಪ್ರಿಲ್‌ನಿಂದ ಆರಂಭವಾಗುವ ಅನುದಾನಗಳ ಒಪ್ಪಂದಕ್ಕೆ ಈಗ ಸಹಿ ಬೀಳುವ ಸಮಯ. ಅವುಗಳಲ್ಲಿ ಇನ್ನೊಂದು ಸಾಲು ಸೇರಲಿ ಎಂದು ಕೋರುತ್ತೇವೆ: ಅನುದಾನ ನಿಲ್ಲಿಸುವುದಿದ್ದರೆ ಆರು ತಿಂಗಳು ಮೊದಲು ಲಿಖಿತವಾಗಿ ತಿಳಿಸಬೇಕು. ಮಾರ್ಚ್‌ಗೆ ಮುಗಿಯುವುದಾದರೆ ಸೆಪ್ಟೆಂಬರ್‌ನಲ್ಲೇ ಹೇಳಿ. ಸಂಘಕ್ಕೆ ಬೇರೆ ದಾನಿ ಹುಡುಕಲು, ಶಿಕ್ಷಕಿಯರಿಗೆ ಬೇರೆ ಕೆಲಸ ನೋಡಿಕೊಳ್ಳಲು, ಮಕ್ಕಳನ್ನು ಹತ್ತಿರದ ಹಾಸ್ಟೆಲಿಗೋ ಶಾಲೆಗೋ ಸೇರಿಸಲು ಅಷ್ಟು ಕಾಲ ಬೇಕಾಗುತ್ತದೆ.

ಇಂತಿ,
ಸಣ್ಣ ಸಂಸ್ಥೆಗಳ ಅರ್ಜಿ, ಲೆಕ್ಕಪತ್ರದ ಕೆಲಸ ಮಾಡುವ ಕೆಲವರು
ದಾವಣಗೆರೆ